ಪದಚರ್ಚೆ: ಶೆಡ್ಯೂಲಿಂಗ್‌ಗೆ ‘ಸರದಿ’ ಸಾಕೇ? ಮೈಗ್ರೇಶನ್, ಅಫಿನಿಟಿಗೆ ಏನನ್ನೋಣ?

ಬಳಗದವರಿಗೆ ನಮಸ್ಕಾರ.

ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಆಪರೇಟಿಂಗ್ ಸಿಸ್ಟಂ ಪಾಠಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದೇ ಪ್ರೊಸೆಸರ್ ಇರುವ ಅಧ್ಯಾಯದವರೆಗೆ ಪದಗಳು ತಾವಾಗಿಯೇ ಒದಗಿಬಂದವು. ಹಲವು ಕೋರ್‌ಗಳ (ಒಂದೇ ಚಿಪ್ಪಿನೊಳಗೆ ಒಂದೊಂದೂ ಪ್ರೊಸೆಸರಿನಂತೆಯೇ ಓಡುವ ಘಟಕಗಳ) ಅಧ್ಯಾಯಕ್ಕೆ ಬಂದ ಮೇಲೆ ತಡಕಾಟ ಶುರುವಾಗಿದೆ.

ಮೊದಲು ‘ಶೆಡ್ಯೂಲಿಂಗ್’, ಅಂದರೆ ಪ್ರೊಸೆಸರನ್ನು ಯಾವ ಕೆಲಸಕ್ಕೆ ಯಾವಾಗ ಕೊಡುವುದೆಂಬ ತೀರ್ಮಾನ. ನಿಘಂಟಿನಲ್ಲಿ ವೇಳಾಪಟ್ಟಿ, ಅನುಸೂಚಿ ಸಿಗುತ್ತವೆ. ಎರಡೂ ಒಗ್ಗುವುದಿಲ್ಲ. ಸಾಮಾನ್ಯ ಥ್ರೆಡ್‌ಗಳ (ಪ್ರೋಗ್ರಾಂ ಒಳಗೆ ಓಡುವ ಕೆಲಸದ ಸರಣಿಗಳ) ಮಟ್ಟಿಗೆ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಯಾವ ಪಟ್ಟಿಯನ್ನೂ ಮೊದಲೇ ಬರೆದಿಟ್ಟುಕೊಳ್ಳುವುದಿಲ್ಲ. ಟೈಮರ್ ಬಡಿದಾಗ, ಓಡುತ್ತಿದ್ದ ಥ್ರೆಡ್ ಡಿಸ್ಕಿಗಾಗಿ ಕಾಯಲು ಕೂತಾಗ, ಕಾಯುತ್ತಿದ್ದದ್ದು ಎಚ್ಚೆತ್ತಾಗ, ಆ ಹೊತ್ತಿನಲ್ಲಿ ‘ಮುಂದೆ ಯಾರು’ ಎಂಬುದು ತೀರ್ಮಾನವಾಗುತ್ತದೆ. ಲಿನಕ್ಸ್‌ಗೆ 2007ರಲ್ಲಿ ಬಂದ ಸಿಎಫ್‌ಎಸ್ ಎಂಬ ಶೆಡ್ಯೂಲರ್, ಆದ್ಯತೆಯ ತೂಕ ಲೆಕ್ಕಹಾಕಿ, ಅದುವರೆಗೆ ಯಾರಿಗೆ ಕಡಿಮೆ ಸಮಯ ಸಿಕ್ಕಿದೆಯೋ ಅವರನ್ನು ಮುಂದೆ ಬಿಡುತ್ತಿತ್ತು. 2023ರ 6.6ನೇ ಆವೃತ್ತಿಯಲ್ಲಿ ಅದರ ಜಾಗಕ್ಕೆ ಬಂದ ಇಇವಿಡಿಎಫ್, ತಮ್ಮ ಪಾಲು ಬಾಕಿ ಉಳಿದಿರುವವರಲ್ಲಿ ಯಾರ ಗಡುವು ಹತ್ತಿರವಿದೆ ಎಂದು ನೋಡುತ್ತದೆ. (‘ಗಡುವು’ ಎಷ್ಟು ಸಲೀಸಾಗಿ ಕೂತಿತು ನೋಡಿ. ಎಲ್ಲ ಪದಗಳೂ ಹೀಗೇ ಇದ್ದಿದ್ದರೆ ನಿಮಗೆ ತೊಂದರೆ ಕೊಡುತ್ತಿರಲಿಲ್ಲ.) ಹಾಗಾಗಿ ಶೆಡ್ಯೂಲಿಂಗ್‌ಗೆ ‘ಸರದಿ ನಿರ್ಧಾರ’, ಓಡಲು ಕಾದಿರುವ ಥ್ರೆಡ್‌ಗಳ ರನ್ ಕ್ಯೂಗೆ ‘ಸರದಿ ಸಾಲು’ ಎಂದು ಬರೆದುಕೊಂಡೆ. ಉತ್ತರ ಕರ್ನಾಟಕದ ಗೆಳೆಯರು ‘ಪಾಳಿ’ ಅನ್ನುತ್ತಾರೆ, ಆದರೆ ನಮ್ಮ ಮೈಸೂರು ಕಡೆ ಪಾಳಿ ಎಂದರೆ ಕಾರ್ಖಾನೆಯ ಶಿಫ್ಟೇ.

ತೊಡಕು ಇಲ್ಲಿಂದ. ಸರದಿ ಎನ್ನುವುದು ‘ಯಾವಾಗ’ ಎಂಬುದಕ್ಕೆ ಉತ್ತರ. ಕೋರ್ ಎರಡಾದ ಕೂಡಲೇ ‘ಎಲ್ಲಿ’ ಎಂಬ ಪ್ರಶ್ನೆಯೂ ಹುಟ್ಟುತ್ತದೆ. ಲಿನಕ್ಸ್ 2.4ರ ಕಾಲದಲ್ಲಿ ಎಲ್ಲ ಪ್ರೊಸೆಸರ್‌ಗಳಿಗೂ ಸೇರಿ ಒಂದೇ ಸಾಲು, ಅದಕ್ಕೊಂದೇ ಬೀಗ (ಒಬ್ಬರು ಸಾಲನ್ನು ಮುಟ್ಟುವಾಗ ಉಳಿದವರನ್ನು ತಡೆಯುವಂಥದ್ದು). ಪ್ರೊಸೆಸರ್ ಹೆಚ್ಚಿದಂತೆ ಬೀಗಕ್ಕಾಗಿ ನೂಕುನುಗ್ಗಲು. 2003ರ 2.6ರಲ್ಲಿ ಪ್ರತಿ ಪ್ರೊಸೆಸರ್‌ಗೂ ಅದರದೇ ಸಾಲು ಬಂತು. ನೂಕುನುಗ್ಗಲು ತಗ್ಗಿತು, ಬೇರೊಂದು ರಗಳೆ ಗಂಟುಬಿತ್ತು. ಎರಡು ಕೋರ್, ಸಮಾನ ಆದ್ಯತೆಯ ಮೂರು ಥ್ರೆಡ್ ಇವೆ ಎನ್ನಿ. ಒಂದು ಸಾಲಿನಲ್ಲಿ ಎರಡು, ಇನ್ನೊಂದರಲ್ಲಿ ಒಂದು. ಒಂಟಿಯಾಗಿದ್ದದ್ದು ಪೂರ್ತಿ ಕೋರನ್ನು ಅನುಭವಿಸುತ್ತದೆ, ಉಳಿದೆರಡಕ್ಕೆ ಅರ್ಧರ್ಧ. ಎರಡೂ ಸಾಲುಗಳಲ್ಲಿ ಸರದಿ ಚಾಚೂ ತಪ್ಪದೆ ನಡೆದಿದೆ, ಆದರೂ ಅನ್ಯಾಯವಾಗಿದೆ! ಪ್ರತಿಯೊಂದಕ್ಕೂ ಮೂರನೇ ಎರಡು ಕೋರ್ ಸಿಗಬೇಕಾದರೆ ಥ್ರೆಡ್‌ಗಳನ್ನು ಅತ್ತಿಂದಿತ್ತ ಸಾಗಿಸುತ್ತಲೇ ಇರಬೇಕು. ‘ಯಾವಾಗ’, ‘ಎಲ್ಲಿ’ ಎರಡನ್ನೂ ಹಿಡಿಯುವ ಒಂದೇ ಪದ ಯಾರಿಗಾದರೂ ಹೊಳೆದಿದೆಯೇ?

ಹೀಗೆ ಸಾಗಿಸುವುದೇ ‘ಮೈಗ್ರೇಶನ್’. ‘ವಲಸೆ’ ಎಂದು ಬರೆದು ಹೊಡೆದುಹಾಕಿದೆ. ವಲಸೆ ಹೋಗುವವರು ತಾವೇ ಹೊರಡುತ್ತಾರೆ, ಹೆಚ್ಚಾಗಿ ಅಲ್ಲೇ ನೆಲೆಸುತ್ತಾರೆ. ಓಡುತ್ತಿರುವ ಕೆಲಸಗಳನ್ನು ತೋರಿಸುವ ಟಾಪ್ ಆಜ್ಞೆಯಲ್ಲಿ ಕೊನೆಯದಾಗಿ ಬಳಸಿದ ಸಿಪಿಯು ತೋರಿಸುವ ‘ಪಿ’ ಕಾಲಂ ಸೇರಿಸಿಕೊಂಡು ನೋಡಿ: ಅದೇ ಥ್ರೆಡ್ಡಿನ ಎದುರು 3 ಎಂದಿದ್ದದ್ದು 6 ಆಗುತ್ತದೆ, ಮತ್ತೆ 3ಕ್ಕೇ ಬರಲೂಬಹುದು. ‘ಗುಳೆ’ಯವರು ಮರಳುತ್ತಾರೆ ನಿಜ, ಆದರೆ ಆ ಪದದ ತುಂಬ ಬರಗಾಲವಿದೆ. ನನಗೀಗ ‘ವರ್ಗ’ ಹಿಡಿಸಿದೆ, ಮೇಷ್ಟ್ರಿಗೆ ವರ್ಗವಾಯಿತು ಎನ್ನುತ್ತೇವಲ್ಲ, ಆ ವರ್ಗ. ಆದೇಶ ಮೇಲಿನದು. ಹೊಸ ಜಾಗದಲ್ಲಿ ಹೊಂದಿಕೊಳ್ಳುವವರೆಗೆ ಕೆಲಸ ನಿಧಾನ, ಏಕೆಂದರೆ ಹಳೆಯ ಕೋರಿನ ಕ್ಯಾಶ್‌ನಲ್ಲಿದ್ದ (ಕೈಗೆಟುಕುವ ವೇಗದ ಮೆಮೊರಿಯಲ್ಲಿದ್ದ) ದತ್ತಾಂಶವನ್ನು ಇಲ್ಲಿ ಮತ್ತೆ ತರಿಸಿಕೊಳ್ಳಬೇಕು.

‘ಅಫಿನಿಟಿ’ಗೆ (ಥ್ರೆಡ್ಡಿಗೂ ಕೋರಿಗೂ ಇರುವ ಸಂಬಂಧಕ್ಕೆ) ‘ನಂಟು’ ಎಂಬ ಸಲಹೆ ಬಂದಿದೆ. ಚೆಂದದ ಪದವೇ, ಆದರೆ ಇಲ್ಲಿ ಎರಡು ಬಗೆಯಿದೆ. ಥ್ರೆಡ್ ಹಳೆಯ ಕೋರಿನಲ್ಲೇ ಉಳಿದರೆ ಒಳ್ಳೆಯದು ಎಂದು ಕರ್ನಲ್ ಆದಷ್ಟು ನೋಡಿಕೊಳ್ಳುವುದು ಒಂದು, ಅದಕ್ಕೆ ‘ಒಲವು’ ಎನ್ನಬಹುದು. ಟಾಸ್ಕ್‌ಸೆಟ್ ಎಂಬ ಆಜ್ಞೆ ಬಳಸಿ ‘2 ಮತ್ತು 3ನೇ ಕೋರ್ ಬಿಟ್ಟು ಬೇರೆಡೆ ಓಡಕೂಡದು’ ಎಂದು ವಿಧಿಸುವುದು ಇನ್ನೊಂದು. ಅದು ‘ಕಟ್ಟು’. ಮಿಕ್ಕ ಕೋರ್‌ಗಳೆಲ್ಲ ಖಾಲಿ ಕೂತಿದ್ದರೂ ಕರ್ನಲ್ ಅದನ್ನು ಸಡಿಲಿಸುವುದಿಲ್ಲ. ನಂಟು ಎಂದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ.

‘ವರ್ಕ್ ಸ್ಟೀಲಿಂಗ್’ ಮಾತ್ರ ನಗು ತರಿಸುತ್ತಿದೆ. ಗೋ ಭಾಷೆಯ ರನ್‌ಟೈಮ್ (ಪ್ರೋಗ್ರಾಂ ಜೊತೆಗೇ ಓಡುತ್ತ ಅದರ ಕೆಲಸ ಹಂಚುವ ಭಾಗ) ಇದನ್ನೇ ಮಾಡುತ್ತದೆ: ಸಾಲು ಬರಿದಾದವರು ಪಕ್ಕದವರ ಸಾಲಿನಿಂದ ಅರ್ಧದಷ್ಟು ಕೆಲಸ ಎತ್ತಿಕೊಂಡು ಬರುತ್ತಾರೆ. ನೇರವಾಗಿ ಕನ್ನಡಿಸಿದರೆ ಅಂಥವರು ‘ಕೆಲಸಗಳ್ಳ’ರಾಗಬೇಕು, ನಮ್ಮಲ್ಲಿ ಅದರ ಅರ್ಥವೋ ತದ್ವಿರುದ್ಧ. ‘ಕೆಲಸ ಸೆಳೆಯುವುದು’ ಎಂದರೆ ಹೇಗೆ?

‘ಥ್ರೆಡ್’ಗೆ ‘ಎಳೆ’ ಬಳಸಿಲ್ಲವೇಕೆ ಎಂದು ಕೇಳುವಿರಿ. ಇಷ್ಟದ ಪದವೇ, ವಿಭಕ್ತಿ ಹತ್ತಿದರೆ ಕಷ್ಟ: ‘ಎಳೆಯ ಮಗು’ ಅನ್ನುವಾಗಿನ ಎಳೆಯವೂ ‘ಎಳೆಯ ಆದ್ಯತೆ’ಯ ಎಳೆಯವೂ ಬರಹದಲ್ಲಿ ಒಂದೇ. ‘ಎಳೆಗಳ’ ಎಂದು ಬಹುವಚನದಲ್ಲೇ ಬರೆದು ಪಾರಾಗಬಹುದೇನೋ. ಪಾಠ ಮಾಡುತ್ತಿರುವವರು ತರಗತಿಯಲ್ಲಿ ಏನು ಬಳಸುತ್ತೀರಿ, ಮುಖ್ಯವಾಗಿ ವರ್ಗ, ಒಲವು, ಕಟ್ಟು ಈ ಮೂರು ಕಿವಿಗೆ ಹೇಗೆ ಬೀಳುತ್ತವೆ, ತಿಳಿಸಿ.