ಪ್ಯಾಕೆಟ್ ಮೇಲೆ 2.1 ಮಿ.ಮೀ., ತಪಾಸಣೆಯಲ್ಲಿ 4.12: ಬ್ಯಾಟ್ ಫೇಲ್ ಆಗಿದ್ದು ಯಾಕೆ?

ಟಾಪ್‌ಸ್ಪಿನ್_ಹುಚ್ಚ
ಎಲ್ಲರಿಗೂ ನಮಸ್ಕಾರ. ಟೇಬಲ್ ಟೆನಿಸ್ ಮ್ಯಾಚಿಗೆ ಮುಂಚಿನ ಬ್ಯಾಟ್ ತಪಾಸಣೆಯಲ್ಲಿ ಕೆಂಪು ಕಡೆಯ ರಬ್ಬರಿನ ದಪ್ಪ 4.12 ಮಿ.ಮೀ. ಬಂದು ಫೇಲ್ ಮಾಡಿದರು. ಕಪ್ಪು ಕಡೆ 3.93, ಪಾಸ್. ವಿಚಿತ್ರ ಅಂದ್ರೆ ಎರಡೂ ಕಡೆ ಒಂದೇ ಕಂಪನಿಯ ಒಂದೇ ರಬ್ಬರ್, ಪ್ಯಾಕೆಟ್ ಮೇಲೆ 2.1 ಅಂತ ಇದೆ. ಬೂಸ್ಟರ್ (ಸ್ಪಾಂಜ್ ಉಬ್ಬಿಸೋ ದ್ರವ) ಹಚ್ಚಿಲ್ಲ, ನೀರಿನ ಗ್ಲೂ ಅಷ್ಟೇ. ಎರಡನೇ ಬ್ಯಾಟಲ್ಲಿ ಆಡಿದೆ. ರಬ್ಬರೇ ಸರಿ ಇಲ್ವಾ?

ಹಳೇ_ಡಿಫೆಂಡರ್
2.1 ಅನ್ನೋದು ಬರೀ ಸ್ಪಾಂಜಿನ, ಅಂದ್ರೆ ರಬ್ಬರಿನ ಕೆಳಗಿನ ಮೆತ್ತನೆ ಪದರದ ದಪ್ಪ. ನಿಯಮದ 4.0 ಮಿ.ಮೀ. ಮಿತಿಯಲ್ಲಿ ಟಾಪ್‌ಶೀಟ್ (ಮೇಲಿನ ರಬ್ಬರ್ ಹಾಳೆ), ಪಿಂಪಲ್ (ಅದರ ಸಣ್ಣ ಮೊಳೆಗಳು), ಸ್ಪಾಂಜ್, ಗ್ಲೂ ಎಲ್ಲವೂ ಸೇರಬೇಕು. ದಪ್ಪ ಸ್ಪಾಂಜಿನ ರಬ್ಬರುಗಳು ಹೊಸದಾಗಿದ್ದಾಗಲೇ ಮಿತಿಯ ಹತ್ತಿರ ಬಂದು ನಿಂತಿರ್ತವೆ, ಗ್ಲೂಗೆ ಜಾಗ ಉಳಿಯೋದೇ ಕಮ್ಮಿ. ಎರಡು ಕಡೆಗೂ ಇಷ್ಟು ವ್ಯತ್ಯಾಸ ಇದೆ ಅಂದ್ರೆ ನನಗೆ ಅನುಮಾನ ಗ್ಲೂ ಮೇಲೇ. ಕೆಂಪು ಕಡೆ ಹಳೇ ಪದರದ ಮೇಲೇ ಅಂಟಿಸಿದ್ರಾ?

ಟಾಪ್‌ಸ್ಪಿನ್_ಹುಚ್ಚ
ಹೌದು ಸರ್. ಕಪ್ಪು ಕಡೆ ಹಳೇ ರಬ್ಬರ್ ಕಿತ್ತಾಗ ಗ್ಲೂ ಪೂರ್ತಿ ಅದರ ಜೊತೆಗೇ ಬಂತು. ಕೆಂಪು ಕಡೆ ಬ್ಲೇಡಿಗೇ (ಬ್ಯಾಟಿನ ಮರಕ್ಕೇ) ಅಂಟಿಕೊಂಡಿತ್ತು, ಅದರ ಮೇಲೆ ಇನ್ನೆರಡು ಕೋಟ್ ಹಾಕಿದೆ.

ಸ್ಮ್ಯಾಶ್_ಮಾಸ್ಟರ್
ಸುಮ್ನೆ ಸ್ಪಾಂಜನ್ನ ಮರಳು ಕಾಗದದಲ್ಲಿ ಒಂದೆರಡು ಸಲ ಉಜ್ಜಿಬಿಡಿ, ಮುಗೀತು.

ಹಳೇ_ಡಿಫೆಂಡರ್
ದಯವಿಟ್ಟು ಬೇಡ. ರಬ್ಬರಿಗೆ ಭೌತಿಕವಾಗಲಿ ರಾಸಾಯನಿಕವಾಗಲಿ ಯಾವ ಸಂಸ್ಕರಣೆಯನ್ನೂ ಮಾಡಬಾರದು ಅಂತ ನಿಯಮದಲ್ಲೇ ಇದೆ. ದಪ್ಪ ಸರಿಹೋಗಿ ಬ್ಯಾಟ್ ಅಕ್ರಮ ಆಗುತ್ತೆ!

ರಬ್ಬರನ್ನ ಹಿಡಿ ಕಡೆಯಿಂದ ನಿಧಾನಕ್ಕೆ ಬಿಡಿಸಿ. ಬ್ಲೇಡ್ ಮೇಲಿನ ಒಣ ಗ್ಲೂವನ್ನ ಬೆರಳಲ್ಲಿ ತಿಕ್ಕಿದ್ರೆ ಉಂಡೆ ಉಂಡೆಯಾಗಿ ಬರುತ್ತೆ. ಮರದ ಎಳೆ ಏಳದ ಹಾಗೆ ಎಳೆಯ ದಿಕ್ಕಿಗೇ ತಿಕ್ಕಿ. ಸ್ಪಾಂಜ್ ಕಡೆಯದನ್ನ ಇನ್ನೂ ಹುಷಾರಾಗಿ ತೆಗೀಬೇಕು, ಚೂರು ಕಿತ್ತುಬಂದರೂ ರಬ್ಬರ್ ಹೋಯ್ತು. ಆಮೇಲೆ ಎರಡಕ್ಕೂ ಒಂದೊಂದೇ ತೆಳು ಕೋಟ್. ಬಿಳಿ ಬಣ್ಣ ಹೋಗಿ ಪಾರದರ್ಶಕ ಆಗೋವರೆಗೂ ಕಾದು ಅಂಟಿಸಿ.

ದಪ್ಪ ಅಳೆಯೋಕೆ ವರ್ನಿಯರ್ ಕ್ಯಾಲಿಪರ್ ಸಾಕು. ಹಿಡಿ ಹತ್ತಿರ ರಬ್ಬರ್ ಮುಗಿದು ಮರ ಕಾಣೋ ಕಡೆ ವರ್ನಿಯರಿನ ಆಳ ಅಳೆಯೋ ಕಡ್ಡಿ ಇಳಿಸಿ ನೋಡಿ. ಒತ್ತಬೇಡಿ. ಸ್ಪಾಂಜ್ ಕುಗ್ಗಿದ್ರೆ ಅಳತೆ ಕಮ್ಮಿ ಬರುತ್ತೆ, ನೀವು ಖುಷಿಯಾಗಿ ಹೋಗಿ ಅಲ್ಲಿ ಫೇಲ್ ಆಗ್ತೀರಿ. ಇಷ್ಟು ಮಾಡಿಯೂ 4.0 ದಾಟಿದ್ರೆ 1.9 ಸ್ಪಾಂಜ್ ತಗೊಳ್ಳಿ. ಆ ವ್ಯತ್ಯಾಸ ಆಟದಲ್ಲಿ ಗೊತ್ತಾಗೋದು ನಮ್ಮಲ್ಲಿ ಎಷ್ಟು ಜನಕ್ಕೆ?

ಬ್ಯಾಕ್‌ಹ್ಯಾಂಡ್_ಅಕ್ಕ
ಇನ್ನೊಂದು ಮಾತು. ಗ್ಲೂ ಗಂಟು ಮಧ್ಯದಲ್ಲಿ ಉಳಿದ್ರೆ ಸಮತಟ್ಟಿನ ಪರೀಕ್ಷೆಯಲ್ಲೂ ಸಿಕ್ಕಿಬೀಳ್ತೀರಿ. ಮೇಲ್ಮೈ ಒಳಕ್ಕೆ 0.5 ಮಿ.ಮೀ. ತಗ್ಗಿದ್ರೆ ನಡೆಯುತ್ತೆ, ಹೊರಕ್ಕೆ ಉಬ್ಬಿದ್ರೆ 0.2 ಮಾತ್ರ. ಹೊಸ ರಬ್ಬರ್ ತಂದ್ರೆ ಪ್ಯಾಕೆಟ್ ಬಿಚ್ಚಿ 72 ಗಂಟೆ ಗಾಳಿಗೆ ಇಟ್ಟು ಆಮೇಲೆ ಅಂಟಿಸಿ. ಕಾರ್ಖಾನೆಯ ವಾಸನೆಯಲ್ಲಿರೋ ಆವಿಗೂ ಮಿತಿ ಇದೆ, ಪರೀಕ್ಷೆ ಮಾಡ್ತಾರೆ.

ದೊಡ್ಡ ಟೂರ್ನಿಗಳಲ್ಲಿ ಮ್ಯಾಚಿಗೆ ಮೊದಲು ನೀವಾಗಿಯೇ ಹೋಗಿ ಬ್ಯಾಟ್ ಪರೀಕ್ಷೆ ಮಾಡಿಸಿಕೊಳ್ಳಬಹುದು, ಅಲ್ಲಿ ಫೇಲ್ ಆದ್ರೆ ಶಿಕ್ಷೆ ಇಲ್ಲ. ಎರಡನೇ ಬ್ಯಾಟನ್ನೂ ತಗೊಂಡು ಹೋಗಿ. ಮೊದಲನೇದು ಫೇಲ್ ಆಗಿ, ಎರಡನೇದನ್ನ ಮುಂಚೆ ಪರೀಕ್ಷಿಸೋಕೆ ಸಮಯ ಇಲ್ಲದಿದ್ರೆ ಅದನ್ನ ಮ್ಯಾಚ್ ಮುಗಿದ ಮೇಲೆ ಪರೀಕ್ಷಿಸ್ತಾರೆ, ಆಗ ಫೇಲ್ ಆದ್ರೆ ಮಾತ್ರ ಕಷ್ಟ.

ಟಾಪ್‌ಸ್ಪಿನ್_ಹುಚ್ಚ
ಕಿತ್ತು ಶುಚಿ ಮಾಡಿ ಮತ್ತೆ ಅಂಟಿಸಿದೆ. ಈಗ 3.94. ಇಬ್ಬರಿಗೂ ಥ್ಯಾಂಕ್ಸ್. ಕೊನೇ ಡೌಟು: ಕಿತ್ತಾಗ ಅಂಚು ಸ್ವಲ್ಪ ಹರಿದಿದೆ. ಹಿಡಿ ಹತ್ತಿರದ ಪಟ್ಟಿ ಕತ್ತರಿಸಿ ರಬ್ಬರನ್ನ ಕೆಳಕ್ಕೆ ಸರಿಸಬಹುದಾ?

ಹಳೇ_ಡಿಫೆಂಡರ್
ಆ ಪಟ್ಟಿ ಮುಟ್ಟಬೇಡಿ. ಐಟಿಟಿಎಫ್ (ಅಂತಾರಾಷ್ಟ್ರೀಯ ಟೇಬಲ್ ಟೆನಿಸ್ ಒಕ್ಕೂಟ) ಲಾಂಛನ, ಕಂಪನಿ ಹೆಸರು, ಅನುಮೋದನೆ ಸಂಖ್ಯೆ ಇರೋದೇ ಅಲ್ಲಿ, ಅಂಪೈರ್ ಮೊದಲು ನೋಡೋದೂ ಅದನ್ನೇ. ಸಣ್ಣ ಹರುಕು ಆಟಕ್ಕೆ ಅಡ್ಡಿ ಮಾಡದಿದ್ರೆ ಬಿಡ್ತಾರೆ. ಅಂಚಿಗೆ ಟೇಪ್ ಸುತ್ತಿ.