ಸಹಾಯ ಬೇಕು: ದುಡಿಯುವವರು ಒಬ್ಬರೇ, ಕೂಡಿಟ್ಟ ಹಣ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಒಂಟಿ ಪೋಷಕರ ಮನೆ, ಒಂದೇ ಸಂಬಳ. ಸಂಬಳದ ಶೇ. 10ರಷ್ಟು ತಾನಾಗಿ ಬೇರೆ ಖಾತೆಗೆ ಹೋಗುವಂತೆ ಬ್ಯಾಂಕಿನಲ್ಲಿ ವ್ಯವಸ್ಥೆಯಾಗಿದೆ. ಸಂಬಳ ಒಂದು ದಿನ ತಡವಾದರೂ ವರ್ಗಾವಣೆ ತಪ್ಪಿ ದಂಡ ಬೀಳುತ್ತದೆ, ಹಾಗಾಗಿ ತಾರೀಖನ್ನು ಮೂರು ದಿನ ಮುಂದಕ್ಕೆ ಹಾಕಿದೆ. ಆ ಖಾತೆಗೆ ಎಟಿಎಂ ಕಾರ್ಡೂ ಇಲ್ಲ.

ಆದರೂ ಮೂರ್ನಾಲ್ಕು ತಿಂಗಳಿಗೊಮ್ಮೆ ಅದಕ್ಕೇ ಕೈ ಹಾಕಬೇಕಾಗುತ್ತದೆ. ದುಂದುಗಾರಿಕೆಯಿಂದಲ್ಲ. ಶಾಲೆಯ ಶುಲ್ಕ, ವಿಮೆಯ ಕಂತು, ಗಾಡಿ ರಿಪೇರಿ, ಮಗುವಿಗೆ ಹೊಸ ಶೂ: ತಿಂಗಳ ಲೆಕ್ಕದಲ್ಲಿ ಕಾಣದ ಖರ್ಚುಗಳಿವು. ವರ್ಷದ್ದೆಲ್ಲ ಕೂಡಿಸಿ 12ರಿಂದ ಭಾಗಿಸಿದರೆ ಸಂಬಳದ ಶೇ. 8 ಆಗುತ್ತದೆ. ಇದನ್ನು ಪ್ರತ್ಯೇಕವಾಗಿ ಎತ್ತಿಟ್ಟರೆ ನಿಜವಾದ ಉಳಿತಾಯ ಶೇ. 2 ಮಾತ್ರ. ತಿಂಗಳ ಮನೆಖರ್ಚು ಶೇ. 90 ಇರುವಾಗ, ಒಂದೇ ಒಂದು ತಿಂಗಳ ಖರ್ಚಿನಷ್ಟು ಆಪತ್ತಿನ ನಿಧಿ ಕಟ್ಟಲು 45 ತಿಂಗಳು ಬೇಕು! ಒಬ್ಬರೇ ದುಡಿಯುವ ಮನೆಗೆ ಆರು ತಿಂಗಳದ್ದಾದರೂ ಇರಬೇಕಲ್ಲವೇ?

ಇದರ ಜೊತೆ ಕ್ರೆಡಿಟ್ ಕಾರ್ಡ್ ಬಾಕಿಯೂ ಇದೆ. ಅದರ ಬಡ್ಡಿ ಉಳಿತಾಯ ಖಾತೆಯ ಬಡ್ಡಿಗಿಂತ ಎಷ್ಟೋ ಪಟ್ಟು ಹೆಚ್ಚು, ಮೊದಲು ಅದನ್ನೇ ತೀರಿಸಬೇಕು ಅನ್ನುವುದು ಗೊತ್ತು. ಆದರೆ ಕೈಯಲ್ಲಿ ಏನೂ ಇಲ್ಲದಿದ್ದರೆ ಮಗುವಿಗೆ ಜ್ವರ ಬಂದ ದಿನ ಮತ್ತೆ ಅದೇ ಕಾರ್ಡ್ ಉಜ್ಜಬೇಕು. ಬಾಕಿ ತೀರುವವರೆಗೆ ಎಷ್ಟು ದಿನದ ಖರ್ಚಿನಷ್ಟು ಕೈಯಲ್ಲಿ ಇಟ್ಟುಕೊಳ್ಳುವುದು ಸರಿ? ಓವರ್‌ಟೈಮ್ ಹಣವನ್ನು ಎರಡಕ್ಕೂ ಹೇಗೆ ಹಂಚಬೇಕು? ಹೀಗೆ ನಿಭಾಯಿಸಿದವರು ದಯವಿಟ್ಟು ಲೆಕ್ಕ ಸಮೇತ ತಿಳಿಸಿ.