ಪದ್ಮಿನಿಗೆ ಎಲೆಕ್ಟ್ರಿಕ್ ಫ್ಯಾನ್ ಹಾಕ್ಸಿದ್ಮೇಲೆ ಕೀ ಆಫ್ ಮಾಡಿದ್ರೂ ಇಂಜಿನ್ ತಕ್ಷಣ ನಿಲ್ತಿಲ್ಲ, ಫ್ಯಾನೂ ಬೇಕಾದಾಗ ಬರ್ತಿಲ್ಲ

ಪ್ರಶ್ನೆ – ತುಮಕೂರು

ಎಲ್ರಿಗೂ ನಮಸ್ಕಾರ. ನಮ್ಮಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ, 1089 ಸಿಸಿ ಪೆಟ್ರೋಲ್, ಸ್ಪಾರ್ಕಿಗೆ ಹಳೇ ಕಾಲದ ಪಾಯಿಂಟ್ ಸೆಟ್ಟೇ ಇದೆ. ಬೇಸಿಗೇಲಿ ಬಿ.ಎಚ್. ರೋಡ್ ಟ್ರಾಫಿಕ್ಕಲ್ಲಿ ನಿಂತ್ರೆ ಟೆಂಪರೇಚರ್ ಮುಳ್ಳು ಏರ್ತಾನೇ ಇರ್ತಿತ್ತು ಅಂತ ಬೆಲ್ಟ್ ಮೇಲಿದ್ದ ಫ್ಯಾನ್ ತೆಗ್ಸಿ ಗುಜರಿಯಿಂದ ಮಾರುತಿ 800 ಫ್ಯಾನ್ ತಂದು ರೇಡಿಯೇಟರ್ ಹಿಂದೆ ಕೂರ್ಸಿದ್ವಿ, ಮೇಲಿನ ಹೋಸ್ ಕಟ್ ಮಾಡಿ ಮಧ್ಯಕ್ಕೆ ಅಲ್ಯೂಮಿನಿಯಂ ಅಡಾಪ್ಟರ್ ಹಾಕಿ ಅದಕ್ಕೆ ಒಂದೇ ಪಿನ್ನಿನ ಥರ್ಮೋ ಸ್ವಿಚ್ ಕೊಟ್ಟಿದ್ದಾರೆ, ನೀರು 92 ಡಿಗ್ರಿ ಆದ್ರೆ ಫ್ಯಾನ್ ಆನ್ ಮಾಡೋದು. ವೈರಿಂಗ್ ಇಲ್ಲೇ ಒಬ್ರು ಎಲೆಕ್ಟ್ರಿಷಿಯನ್ ಮಾಡಿದ್ದು.

ಈಗ ತೊಂದ್ರೆ ಏನಂದ್ರೆ ಗುಂಡಿ ಬಿದ್ದಿರೋ ರೋಡಲ್ಲಿ ಹೋಗ್ತಿದ್ರೆ ಫ್ಯಾನ್ ಬರುತ್ತೆ, ಕ್ಯಾತ್ಸಂದ್ರದಲ್ಲಿ ಜಾಮಲ್ಲಿ ನಿಂತಾಗ, ಅಂದ್ರೆ ನಿಜವಾಗ್ಲೂ ಬೇಕಾದಾಗ, ಬರಲ್ಲ. ಇನ್ನೊಂದು, ಫ್ಯಾನ್ ತಿರುಗ್ತಿರೋವಾಗ ಕೀ ಆಫ್ ಮಾಡಿದ್ರೆ ಇಂಜಿನ್ ಒಂದೆರಡು ಸೆಕೆಂಡ್ ಹಾಗೇ ಓಡಿ ಆಮೇಲೆ ನಿಲ್ಲುತ್ತೆ. ಫ್ಯೂಸ್ ಹೋಲ್ಡರ್ ಪ್ಲಾಸ್ಟಿಕ್ಕೂ ಕರಗಿದೆ, ಫ್ಯೂಸ್ ಮಾತ್ರ ಹೋಗಿಲ್ಲ. ಥರ್ಮೋ ಸ್ವಿಚ್ ಬದಲಾಯಿಸ್ಬೇಕಾ, ಫ್ಯಾನಿಗೆ ಕರೆಂಟ್ ಕೊಡೋ ರಿಲೇನಾ? ಮನೇಲಿ ಎಲ್ರೂ ಇದೇ ಗಾಡೀಲಿ ಓಡಾಡ್ತೀವಿ, ದಯವಿಟ್ಟು ಯಾರಾದ್ರೂ ಹೇಳಿ.

ಉತ್ತರ – ಕೋಲಾರ

ಕೀ ತೆಗೆದ್ಮೇಲೂ ಓಡೋದು ಹಳೇ ಕಾರ್ಬುರೇಟರ್ ಗಾಡಿಗಳಲ್ಲಿ ಇದ್ದಿದ್ದೇ ಸರ್. ಒಳಗೆ ಕಾರ್ಬನ್ ಕೂತು ಕೆಂಪಗೆ ಕಾದಿರುತ್ತೆ, ಸ್ಪಾರ್ಕ್ ಇಲ್ದೇನೂ ಪೆಟ್ರೋಲ್ ಹೊತ್ಕೊಳುತ್ತೆ. ಐಡ್ಲಿಂಗ್ ಜಾಸ್ತಿ ಇದ್ರೆ ಇಳಿಸಿ, ಸ್ಪಾರ್ಕ್ ಟೈಮಿಂಗ್ ನೋಡಿಸಿ.

ಉತ್ತರ – ಚಿಕ್ಕಬಳ್ಳಾಪುರ, ಆಟೋ ಎಲೆಕ್ಟ್ರಿಕಲ್ ಕೆಲಸ

ಕೋಲಾರದ ಅಣ್ಣ ಹೇಳಿದ್ದು ಇರೋ ಕಾಯಿಲೇನೇ, ಆದ್ರೆ ಹಂಗೆ ಓಡೋವಾಗ ಇಂಜಿನ್ ಕುಲುಕಾಡ್ಕೊಂಡು ಟಕಟಕ ಅಂತ ಹೊಡ್ಕೊಂಡು ನಿಲ್ಲುತ್ತೆ. ತಮ್ಮಾ, ನಿಂದು ನುಣ್ಣಗೆ ಓಡಿ ನಿಲ್ಲುತ್ತಾ? ಒಂದು ಕೆಲ್ಸ ಮಾಡು, ಇಂಜಿನ್ ಬಿಸಿ ಮಾಡಿ ಫ್ಯಾನ್ ಕನೆಕ್ಟರ್ ಕಿತ್ತು ಕೀ ಆಫ್ ಮಾಡು, ತಕ್ಷಣ ನಿಂತ್ರೆ ತಪ್ಪು ಫ್ಯಾನ್ ವೈರಿಂಗಲ್ಲೇ ಇದೆ. ಆಮೇಲೆ ರಿಲೇ ಬುಡ ತಿರುಗಿಸಿ ಯಾವ ನಂಬರಿಗೆ ಯಾವ ವೈರ್ ಹೋಗಿದೆ ಅಂತ ಬರೆದು ಹಾಕು. ಅಲ್ಲೀವರೆಗೂ ಒಂದು ಪಾರ್ಟೂ ತಗೋಬೇಡ.

ಪ್ರಶ್ನೆ ಕೇಳಿದವರು – ತುಮಕೂರು

ಅಣ್ಣ, ಕನೆಕ್ಟರ್ ಕಿತ್ತಾಗ ಕೀ ತೆಗೆದ ಕೂಡ್ಲೇ ನಿಲ್ತು. ಮತ್ತೆ ಸಿಕ್ಕಿಸಿ ಫ್ಯಾನ್ ಓಡ್ತಿರೋವಾಗ ಆಫ್ ಮಾಡಿದ್ರೆ ಮತ್ತದೇ, ನುಣ್ಣಗೇ ಓಡುತ್ತೆ. ರಿಲೇಲಿ 30ಕ್ಕೂ 86ಕ್ಕೂ ಒಂದೇ ಕೆಂಪು ವೈರಿಂದ ಜಾಯಿಂಟ್ ಹೊಡೆದಿದ್ದಾರೆ, ಅದು ಸ್ಪಾರ್ಕ್ ಕೊಡೋ ಇಗ್ನಿಷನ್ ಕಾಯಿಲಿಗೆ ಹೋಗೋ ಲೈನಿಂದ ಬಂದಿದೆ. 87 ಫ್ಯಾನಿಗೆ, 85 ಥರ್ಮೋ ಸ್ವಿಚ್ಚಿಗೆ. ವೈರ್ ತುಂಬಾ ತೆಳ್ಳಗಿದೆ, 1 ಸ್ಕ್ವೇರ್ ಎಂಎಂ ಇರ್ಬೇಕು.

ಉತ್ತರ – ಚಿಕ್ಕಬಳ್ಳಾಪುರ

ಸಿಕ್ತು ನೋಡು. ರಿಲೇಲಿ 30, 87 ಅಂದ್ರೆ ಒಳಗಿನ ಸ್ವಿಚ್ಚಿನ ಎರಡು ತುದಿ, 85, 86 ಅಂದ್ರೆ ಆ ಸ್ವಿಚ್ ಎಳೆಯೋ ಕಾಯಿಲಿನ ಎರಡು ತುದಿ. ಫ್ಯಾನ್ ಮೋಟಾರು ಕರೆಂಟ್ ಕೊಟ್ರೆ ತಿರುಗುತ್ತೆ, ತಿರುಗ್ತಿರೋ ಮೋಟಾರು ಕರೆಂಟ್ ಹುಟ್ಟಿಸುತ್ತೆ. ನೀನು ಕೀ ತೆಗೆದಾಗ ಫ್ಯಾನ್ ಇನ್ನೂ ವೇಗದಲ್ಲಿರುತ್ತೆ, ಅದು ಹುಟ್ಟಿಸಿದ ಕರೆಂಟು 87ರಿಂದ 30ಕ್ಕೆ ವಾಪಸ್ ಬಂದು ಅದೇ ಕೆಂಪು ವೈರಲ್ಲಿ ಇಗ್ನಿಷನ್ ಕಾಯಿಲಿಗೂ ಹೋಗುತ್ತೆ, 86ಕ್ಕೂ ಹೋಗಿ ರಿಲೇನ ಬಿಡದಂಗೆ ಹಿಡ್ಕೊಳುತ್ತೆ. ಫ್ಯಾನ್ ನಿಧಾನ ಆಗೋವರೆಗೂ ಸ್ಪಾರ್ಕ್ ಬರ್ತಾನೇ ಇರುತ್ತೆ. ರಿಲೇ ಕೆಟ್ಟಿಲ್ಲ.

30ಕ್ಕೆ ಬ್ಯಾಟರಿ ಪ್ಲಸ್ಸಿಂದ ನೇರವಾಗಿ ಬೇರೆ ವೈರ್ ಎಳಿ, 4 ಸ್ಕ್ವೇರ್ ಎಂಎಂ ಹಾಕು, ಬ್ಯಾಟರಿಯಿಂದ ಒಂದು ಗೇಣಿನೊಳಗೇ ಫ್ಯೂಸ್ ಇರ್ಲಿ. ಕೀ ಲೈನಿಂದ 86ಕ್ಕೆ ಮಾತ್ರ, ರಿಲೇ ಕಾಯಿಲ್ ಎಳೆಯೋದು ಕಾಲು ಆಂಪಿಗಿಂತ ಕಮ್ಮಿ, ಅದಕ್ಕೆ ತೆಳು ವೈರ್ ಸಾಕು. ಫ್ಯಾನ್ ಮೈನಸ್ಸಿಗೂ ಅದೇ 4 ಸ್ಕ್ವೇರ್ ವೈರ್ ಹಾಕಿ ಬಾಡೀಲಿ ಪೇಂಟ್ ಕೆರೆದು ವೈರ್ ತುದಿಯ ಥಿಂಬಲ್ ಬಿಗಿ ಮಾಡು. ಜನ ಪ್ಲಸ್ಸಿಗೆ ದಪ್ಪ ವೈರ್ ಹಾಕಿ ಅರ್ತಿಗೆ, ಅಂದ್ರೆ ಮೈನಸ್ಸಿಗೆ, ಸಿಕ್ಕಿದ್ದು ಹಾಕ್ತಾರೆ, ಇದು ನಂಗೆ ಬಹಳ ಬೇಜಾರು, ಹೋದ ಕರೆಂಟೆಲ್ಲಾ ಅದೇ ದಾರೀಲಿ ವಾಪಸ್ ಬರ್ಬೇಕಲ್ವಾ.

ಹೋಲ್ಡರ್ ಕರಗಿ ಫ್ಯೂಸ್ ಉಳ್ಕೊಂಡಿದ್ರೆ ಅಲ್ಲಿ ಕಾಂಟ್ಯಾಕ್ಟ್ ಲೂಸಿದೆ ಅಂತ ಅರ್ಥ. ಲೂಸ್ ಇದ್ದ ಕಡೆ ಬಿಸಿ ಆಗುತ್ತೆ, ಕರೆಂಟ್ ಮಿತಿ ದಾಟಿಲ್ಲದೆ ಫ್ಯೂಸ್ ಯಾಕೆ ಹೋಗುತ್ತೆ? ಅಲ್ಲಿ ಹಸಿರು ಫ್ಯೂಸ್ ಇದ್ರೆ ಅದು 30 ಆಂಪು, 1 ಸ್ಕ್ವೇರ್ ವೈರಿಗೆ 30 ಆಂಪ್ ಹಾಕಿದ್ರೆ ಫ್ಯೂಸಿಗಿಂತ ಮುಂಚೆ ವೈರ್ ಸುಟ್ಟೋಗುತ್ತೆ. ಫ್ಯೂಸ್ ಇರೋದೇ ವೈರ್ ಕಾಯೋಕೆ. ಓಡೋವಾಗ ಎಷ್ಟು ಎಳೆಯುತ್ತೆ ಅಂತ ವೈರಿನ ಸುತ್ತ ಹಿಡಿಯೋ ಡಿಸಿ ಕ್ಲಾಂಪ್ ಮೀಟರಲ್ಲಿ ನೋಡು, ಕಮ್ಮಿ ರೇಟಿನವು ಬಹಳಷ್ಟು ಎಸಿ ಮಾತ್ರ ತೋರ್ಸೋದು, ಕೇಳಿ ತಗೋ. ಮಲ್ಟಿಮೀಟರ್ 10 ಆಂಪ್ ತೂತಿಗೆ ಸಿಕ್ಕಿಸಿ ಫ್ಯಾನ್ ಸ್ಟಾರ್ಟ್ ಮಾಡ್ಬೇಡ, ಶುರುವಾಗೋವಾಗ ಓಡೋದಕ್ಕಿಂತ ಎರಡು ಮೂರು ಪಟ್ಟು ಎಳೆಯುತ್ತೆ, ಮೀಟರೇ ಹೋಗುತ್ತೆ.

ಇನ್ನು ಗುಂಡೀಲಿ ಬರೋದು, ನಿಂತಾಗ ಬರದೇ ಇರೋದು. ಒಂದೇ ಪಿನ್ ಸ್ವಿಚ್ಚಿಗೆ ಅರ್ತ್ ಸಿಗೋದು ಅದರ ಮೈಯಿಂದ. ನಿನ್ನ ಅಡಾಪ್ಟರಿಗೆ ಎರಡೂ ಕಡೆ ರಬ್ಬರ್ ಹೋಸು, ಅರ್ತ್ ಎಲ್ಲಿಂದ ಬರ್ಬೇಕು? ಗಾಡಿ ಎಗರಿದಾಗ ಎಲ್ಲೋ ಬ್ರಾಕೆಟ್ಟಿಗೆ ತಾಗ್ತಿದೆ, ಆಗ ಫ್ಯಾನ್ ಬರ್ತಿದೆ. ಅಡಾಪ್ಟರಿಗೆ ಸ್ಕ್ರೂ ಹಾಕೋ ಜಾಗ ಇದ್ರೆ ಅಲ್ಲಿಂದ ಇಂಜಿನ್ ಬ್ಲಾಕಿಗೆ ಒಂದು ವೈರ್ ಕೊಡು. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದ್ರೆ ಬಿಚ್ಚು, ಅದೂ ಅರ್ತ್ ತಡೆಯುತ್ತೆ.

ಪ್ರಶ್ನೆ ಕೇಳಿದವರು – ತುಮಕೂರು

ಟೆಫ್ಲಾನ್ ಟೇಪ್ ಇದೆ ಅಣ್ಣ, ಬಿಚ್ತೀನಿ. ಸ್ವಿಚ್ ಸರಿ ಇದ್ಯಾ ಅಂತ ಬಿಸಿನೀರಲ್ಲಿ ಹಾಕಿ ನೋಡ್ಬಹುದಾ? ಮತ್ತೆ 86ನೂ ಬ್ಯಾಟರಿಗೇ ಕೊಟ್ರೆ ಗಾಡಿ ನಿಲ್ಸಿದ್ಮೇಲೂ ಫ್ಯಾನ್ ಓಡಿ ತಣ್ಣಗಾಗುತ್ತೆ ಅಂತಾರೆ, ಹಂಗೆ ಮಾಡ್ಲಾ?

ಉತ್ತರ – ಕೋಲಾರ

ಬಿಸಿನೀರ್ ಟೆಸ್ಟ್ ಮಾಡ್ಬಹುದು, ಥರ್ಮಾಮೀಟರ್ ಇಟ್ಕೊಳ್ಳಿ, ಪಿನ್ನಿಗೂ ಮೈಗೂ ಮಲ್ಟಿಮೀಟರ್ ಬೀಪ್ ಇಟ್ಟು ನೋಡಿ. ನಮ್ಮ ಕಡೆ ಊರುಗಳು ಸಮುದ್ರ ಮಟ್ಟಕ್ಕಿಂತ 800 ಮೀಟರ್ ಮೇಲಿರೋದ್ರಿಂದ ಪಾತ್ರೇಲಿ ನೀರು 97 ಡಿಗ್ರಿ ಆಸುಪಾಸಲ್ಲೇ ಕುದಿಯುತ್ತೆ, ಅದಕ್ಕಿಂತ ಮೇಲಿನ ಸ್ವಿಚ್ ಆದ್ರೆ ಕುದಿಯೋ ನೀರಲ್ಲೂ ಆನ್ ಆಗಲ್ಲ, ಕೆಟ್ಟೋಗಿದೆ ಅಂತ ಬಿಸಾಕ್ಬೇಡಿ. ನಿಮ್ಮದು 92 ಅಂದ್ರಲ್ಲ, ಗೊತ್ತಾಗುತ್ತೆ.

ಉತ್ತರ – ಚಿಕ್ಕಬಳ್ಳಾಪುರ

86 ಬ್ಯಾಟರಿಗೆ ಕೊಡ್ಬೇಡ. ಇಂಜಿನ್ ನಿಂತ್ರೆ ವಾಟರ್ ಪಂಪೂ ನಿಲ್ಲುತ್ತೆ, ಆಮೇಲೆ ಫ್ಯಾನ್ ತಣ್ಣಗೆ ಮಾಡೋದು ರೇಡಿಯೇಟರಲ್ಲಿ ನಿಂತಿರೋ ನೀರನ್ನ, ಬ್ಲಾಕಿಗೆ ಹೆಚ್ಚು ಲಾಭ ಇಲ್ಲ. ಸ್ವಿಚ್ ಅಂಟ್ಕೊಂಡ್ರೆ ಬೆಳಗ್ಗೆ ಬ್ಯಾಟರಿ ಸತ್ತಿರುತ್ತೆ. ಜಾಮಲ್ಲಿ ಕೀ ಆಫ್ ಮಾಡೋ ಮುಂಚೆ ಅರ್ಧ ನಿಮಿಷ ಐಡ್ಲಿಂಗಲ್ಲಿ ಬಿಡು, ಅದೇ ಒಳ್ಳೇದು.

ಎಲ್ಲಾ ಆದ್ಮೇಲೆ ಬಾನೆಟ್ ಮುಂದೆ ಗ್ರಿಲ್ಲಿಗೆ ಒಂದು ಪೇಪರ್ ಹಿಡಿ. ಫ್ಯಾನ್ ಆನ್ ಆದಾಗ ಪೇಪರ್ ಗ್ರಿಲ್ಲಿಗೆ ಅಂಟ್ಕೋಬೇಕು. ತಳ್ಳಿದ್ರೆ ಪ್ಲಸ್ ಮೈನಸ್ ತಿರುಗಾಮುರುಗಾ ಆಗಿದೆ, ಗಾಡಿ ಓಡೋವಾಗ ಬರೋ ಗಾಳೀನೂ ಎದುರು ಬಿದ್ದು ಇನ್ನೂ ಕಾಯುತ್ತೆ.

ಪ್ರಶ್ನೆ ಕೇಳಿದವರು – ತುಮಕೂರು

ಅಣ್ಣ, ನೀವು ಹೇಳ್ದಂಗೇ ಮಾಡಿಸ್ದೆ. ಫ್ಯಾನ್ ಓಡೋವಾಗ 8 ಆಂಪ್ ತೋರಿಸ್ತು, ಹಳದಿ 20 ಆಂಪ್ ಫ್ಯೂಸ್ ಹಾಕಿದ್ದೀನಿ. ಕೀ ತೆಗೆದ್ರೆ ತಕ್ಷಣ ನಿಲ್ಲುತ್ತೆ. ಪೇಪರೂ ಅಂಟ್ಕೊಳ್ತು. ದೇವರಾಯನದುರ್ಗ ಹತ್ತಿಸಿ ಮೇಲೆ ಗಾಡಿ ನಿಲ್ಸಿ ಐಡ್ಲಿಂಗಲ್ಲೇ ಬಿಟ್ಟೆ, ಫ್ಯಾನ್ ತಾನೇ ಬಂತು, ತಾನೇ ನಿಲ್ತು. ರಾತ್ರಿ ಹೆಡ್‌ಲೈಟೂ ಫ್ಯಾನೂ ಒಟ್ಟಿಗೆ ಇದ್ದಾಗ ಐಡ್ಲಿಂಗಲ್ಲಿ ಬ್ಯಾಟರಿ 12.3 ವೋಲ್ಟ್ ತೋರ್ಸುತ್ತೆ, ಇದು ಸರೀನಾ?

ಉತ್ತರ – ಚಿಕ್ಕಬಳ್ಳಾಪುರ

ಕಮ್ಮಿ. ಮೊದ್ಲು ಬೆಲ್ಟ್ ಬಿಗಿ ನೋಡು, ಆಮೇಲೆ ಸ್ವಲ್ಪ ರೇಸ್ ಕೊಟ್ಟು ನೋಡು. 13.8 ದಾಟಿದ್ರೆ ಆಲ್ಟರ್ನೇಟರ್ ಚೆನ್ನಾಗಿದೆ, ಐಡ್ಲಿಂಗಲ್ಲಿ ಅದರ ಶಕ್ತಿ ಸಾಲ್ತಿಲ್ಲ ಅಷ್ಟೆ, ರಾತ್ರಿ ಟ್ರಾಫಿಕ್ ಓಡಾಟ ಕಮ್ಮಿ ಇದ್ರೆ ಹಾಗೇ ಇರ್ಲಿ. ರೇಸ್ ಕೊಟ್ರೂ ಏರದೇ ಇದ್ರೆ ಆಲ್ಟರ್ನೇಟರ್ ಮೇಲಿನ ಪ್ಲೇಟಲ್ಲಿ ಎಷ್ಟು ಆಂಪ್ ಅಂತ ಬರೆದಿರುತ್ತೆ, ಫೋಟೋ ಹಾಕು.